ದಿನಬಳಕೆಯ ಕಾರು ಪಂದ್ಯದ ಕಣಕ್ಕಿಳಿದಾಗ

ವ್ಯಾಪಾರಿ ಮನೆತನಗಳ ಅಭಿರುಚಿ ಬದಲಾಗುವುದನ್ನು ಲೆಕ್ಕಪರಿಶೋಧಕನು ಇತರರಿಗಿಂತ ಮೊದಲೇ ಕಾಣುತ್ತಾನೆ. ಏಕೆಂದರೆ ಆ ಬದಲಾವಣೆ ಮೊದಲು ಮೂಡುವುದು ಖರ್ಚಿನ ಖಾತೆಗಳಲ್ಲಿ. ಹಿಂದೆ ‘ಜಾಹೀರಾತು ವೆಚ್ಚ’ ಎಂಬ ಶೀರ್ಷಿಕೆಯಡಿ ಗೋಡೆ ಕ್ಯಾಲೆಂಡರು, ಜಾತ್ರೆಯ ಕಮಾನು, ಕುಸ್ತಿಯ ಬಹುಮಾನಗಳು ಬರುತ್ತಿದ್ದವು. ಈಗ ‘ವಾಹನ ದುರಸ್ತಿ’ ಎಂಬ ಶೀರ್ಷಿಕೆಯಡಿ ಅಗಲವಾದ ಟಯರು, ಬಿಗಿಯಾದ ಸ್ಪ್ರಿಂಗು, ಬೇರೆ ಸೈಲೆನ್ಸರು ಹಾಗೂ ಇಂಜಿನ್ನಿನ ಕಂಪ್ಯೂಟರಿಗೆ ಮಾಡಿಸಿದ ‘ರೀಮ್ಯಾಪ್’ನ ಬಿಲ್ಲುಗಳು ಬರತೊಡಗಿವೆ. ಕಾರು ಫರ್ಮಿನ ಹೆಸರಿನಲ್ಲಿದೆ, ಓಡಿಸುವವನು ಮಾಲೀಕರ ಮಗ. ಆತ ರಜಾದಿನಗಳಲ್ಲಿ ಕೊಲ್ಹಾಪುರದ ಮೋಹಿತೆ ರೇಸಿಂಗ್ ಅಕಾಡೆಮಿಯ ಕಾರ್ಟಿಂಗ್ ಪಥಕ್ಕೆ ಹೋಗಿ ಬರುತ್ತಾನೆ. ಅಂಥದೊಂದು ಸ್ಪರ್ಧೆ ನಮ್ಮಲ್ಲಿಯೂ ಏಕೆ ನಡೆಯಬಾರದು ಎಂದು ಕೇಳುತ್ತಾನೆ. ವ್ಯವಹಾರಕ್ಕಾಗಿಯೇ ಪೂರ್ಣವಾಗಿ ಮಾಡಿದ ವೆಚ್ಚವಲ್ಲದ ಈ ಬಿಲ್ಲುಗಳನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲವೆಂದು ತಂದೆಗೆ ತಿಳಿಸಿದರೆ ನನ್ನ ಔಪಚಾರಿಕ ಕರ್ತವ್ಯ ಮುಗಿಯುತ್ತದೆ. ಆದರೆ ಮಗನ ಪ್ರಶ್ನೆಗೆ ಉತ್ತರ ಉಳಿದೇ ಇರುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಜನರಿಗೆ ಸ್ಪರ್ಧೆ ಹೊಸದಲ್ಲ. ಎತ್ತಿನಗಾಡಿಯ ಶರ್ಯತ್ತು, ಕುಸ್ತಿಯ ಕಣ, ಟ್ರ್ಯಾಕ್ಟರಿನ ಪಂದ್ಯ ಇವಿಲ್ಲದೆ ನಮ್ಮ ಜಾತ್ರೆಗಳು ಪೂರ್ಣವಾಗುವುದಿಲ್ಲ. ಇವುಗಳಲ್ಲಿ ಶರ್ಯತ್ತಿನ ಇತಿಹಾಸವನ್ನು ಇಲ್ಲಿ ನೆನೆಯುವುದು ಅವಶ್ಯ. 2014ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಹಾಗೂ ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕವು 2017ರ ತಿದ್ದುಪಡಿ ಕಾಯ್ದೆಯ ಮೂಲಕ ಕಂಬಳ ಮತ್ತು ಎತ್ತಿನಗಾಡಿ ಓಟಕ್ಕೆ ಷರತ್ತುಬದ್ಧ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಸಂವಿಧಾನ ಪೀಠವು ತಮಿಳುನಾಡು, ಕರ್ನಾಟಕ ಹಾಗೂ ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನಿಯಮವಿಲ್ಲದೆ ನಡೆಯುತ್ತಿದ್ದ ಆಟ ನಿಂತುಹೋಗಿ, ನಿಯಮದೊಂದಿಗೆ ಮರಳಿ ಬರಲು ಒಂಬತ್ತು ವರ್ಷಗಳು ಹಿಡಿದವು. ಕಾರಿನ ಪಂದ್ಯವು ಈ ಭಾಗದಲ್ಲಿ ಬೇರೂರುವ ಮೊದಲೇ ನಿಯಮ ಬರಲಿ ಎಂಬುದು ನನ್ನ ಅಭಿಪ್ರಾಯ. ವಿರೋಧಿಸಬೇಕೆಂಬ ಉದ್ದೇಶ ನನಗಿಲ್ಲ.

ಮೋಟಾರು ಕ್ರೀಡೆ ಎಂದೊಡನೆ ಹಲವರಿಗೆ ಫಾರ್ಮುಲಾ ಒನ್ ನೆನಪಾಗುತ್ತದೆ. ನಮಗೆ ಪ್ರಸ್ತುತವಾದುದು ಅದಲ್ಲ. ಭಾರತದಲ್ಲಿ ಈ ಕ್ರೀಡೆಯ ಆಡಳಿತ ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ ಎಂಬ ಸಂಸ್ಥೆಯದು. ಇದಕ್ಕೆ ಕೇಂದ್ರ ಸರ್ಕಾರದ ಹಾಗೂ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎಯ ಮಾನ್ಯತೆ ಇದೆ. ಇದರ ಆಶ್ರಯದಲ್ಲಿ ರ‍್ಯಾಲಿಗಳು ನಡೆಯುತ್ತವೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ದಶಕಗಳಷ್ಟು ಹಳೆಯದು. ಇವುಗಳಲ್ಲಿ ಅತ್ಯಂತ ಕಡಿಮೆ ವೆಚ್ಚದ ಪ್ರಕಾರ ಆಟೋಕ್ರಾಸ್. ಒಂದು ಬಯಲಿನಲ್ಲಿ ಕೋನುಗಳನ್ನಿಟ್ಟು ದಾರಿ ಗುರುತಿಸಿ, ಒಂದು ಸಲಕ್ಕೆ ಒಂದೇ ಕಾರನ್ನು ಬಿಟ್ಟು, ಗಡಿಯಾರದಿಂದ ಅಳೆಯುವ ಸ್ಪರ್ಧೆ ಇದು.

ಇದು ನಮಗೆ ಅಪರಿಚಿತವೆಂದು ಯಾರೂ ತಿಳಿಯಬೇಕಾಗಿಲ್ಲ. ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರನ್ನು ಗುರುತಿಸಿದ ದಾರಿಯಲ್ಲಿ ಹಿಮ್ಮುಖವಾಗಿ ಓಡಿಸುವ ನಮ್ಮ ರಿವರ್ಸ್ ಸ್ಪರ್ಧೆ ಇದೇ ಕುಲಕ್ಕೆ ಸೇರಿದ್ದು: ಒಬ್ಬೊಬ್ಬನೇ ಚಾಲಕ, ಕಾಲದೊಡನೆ ಸ್ಪರ್ಧೆ, ಶಕ್ತಿಗಿಂತ ಕೈಚಳಕಕ್ಕೆ ಬೆಲೆ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವ ಪಂದ್ಯ ಬೇರೆಯೇ ಕುಲದ್ದು. ಅಲ್ಲಿ ಮುಂಗಾಲಿಗಳು ಮೇಲೇಳುತ್ತವೆ, ಜನ ಹತ್ತಿರ ಸರಿಯುತ್ತಾರೆ, ಯಂತ್ರ ಎತ್ತ ಮಗುಚುವುದೆಂದು ಯಾರೂ ಹೇಳಲಾರರು. 2023ರ ಅಕ್ಟೋಬರ್ ತಿಂಗಳಿನಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಒಂದು ಗ್ರಾಮೀಣ ಕ್ರೀಡಾಕೂಟದಲ್ಲಿ ಟ್ರ್ಯಾಕ್ಟರ್ ಸಾಹಸ ಪ್ರದರ್ಶಿಸುತ್ತಿದ್ದ ಯುವಕ ತನ್ನ ಟ್ರ್ಯಾಕ್ಟರಿಗೇ ಬಲಿಯಾದ. ಅಲ್ಲಿನ ಸರ್ಕಾರ ಕೂಡಲೇ ಅಂಥ ಸಾಹಸಗಳನ್ನೆಲ್ಲ ನಿಷೇಧಿಸಿತು.

ಇನ್ನು ವರ್ತಕ ಬಾಂಧವರು ವಿಶೇಷವಾಗಿ ಗಮನಿಸಬೇಕಾದ ವಿಷಯಕ್ಕೆ ಬರುತ್ತೇನೆ. ತಮ್ಮ ಕಾರಿನ ವಿಮಾ ಪಾಲಿಸಿಯನ್ನು ತೆಗೆದು ‘ಬಳಕೆಯ ಮಿತಿಗಳು’ ಎಂಬ ಭಾಗವನ್ನು ಓದಬೇಕೆಂದು ವಿನಂತಿ. ಖಾಸಗಿ ಕಾರಿನ ಪಾಲಿಸಿಯು ಬಾಡಿಗೆ, ಸರಕು ಸಾಗಣೆ ಮೊದಲಾದವುಗಳ ಜೊತೆಗೆ ಸಂಘಟಿತ ಪಂದ್ಯ, ವೇಗ ಪರೀಕ್ಷೆ ಮತ್ತು ವಾಹನದ ತಾಳಿಕೆಯ ಸ್ಪರ್ಧೆಗಳನ್ನೂ ಹೊರಗಿಡುತ್ತದೆ. ಅಂದರೆ ಕಾರು ಕಣದೊಳಗೆ ಕಾಲಿಟ್ಟ ಕ್ಷಣದಿಂದ ಆ ಪಾಲಿಸಿಯ ರಕ್ಷಣೆಯನ್ನು ನೆಚ್ಚುವಂತಿಲ್ಲ. ಸ್ವಂತ ಕಾರಿನ ನಷ್ಟವಾದರೆ ಅದು ಮನೆಯ ನಷ್ಟವೆಂದು ಸಹಿಸಬಹುದು. ಮೂರನೆಯ ವ್ಯಕ್ತಿಗೆ ಅಪಾಯವಾದರೆ? ಮೋಟಾರು ವಾಹನ ಕಾಯ್ದೆಯೇ ವಿಮಾ ಕಂಪನಿಗೆ ಕೆಲವು ರಕ್ಷಣಾ ವಾದಗಳನ್ನು ಒದಗಿಸಿದೆ. ‘ಸಂಘಟಿತ ಪಂದ್ಯ ಹಾಗೂ ವೇಗ ಪರೀಕ್ಷೆ’ಗೆ ಬಳಸಿದ ವಾಹನ ಎಂಬುದು ಅವುಗಳಲ್ಲೊಂದು. ಷರತ್ತು ಮುರಿದ ಪ್ರಕರಣಗಳಲ್ಲಿ ಕಂಪನಿಯು ಸಂತ್ರಸ್ತರಿಗೆ ಪರಿಹಾರ ಪಾವತಿಸಿ ಆ ಮೊತ್ತವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುವುದುಂಟು.

ಮಾಲೀಕನೆಂದರೆ ಯಾರು? ನೋಂದಣಿ ಪತ್ರದಲ್ಲಿ ಯಾರ ಹೆಸರಿದೆಯೋ ಅವರೇ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಾಹನವನ್ನು ಮಾರಿದ್ದರೂ ನೋಂದಣಿ ಬದಲಾಗದಿದ್ದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಹೇಳಿತು. ನಮ್ಮಲ್ಲಿ ಕಾರು ಬಹುತೇಕ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿರುತ್ತದೆ, ಬಡ್ಡಿ ಮತ್ತು ಸವಕಳಿಯ ಅನುಕೂಲಕ್ಕಾಗಿ. 1932ರ ಪಾಲುದಾರಿಕೆ ಕಾಯ್ದೆಯ 25ನೆಯ ಕಲಮಿನಂತೆ ಸಂಸ್ಥೆಯ ಋಣಕ್ಕೆ ಪ್ರತಿಯೊಬ್ಬ ಪಾಲುದಾರನೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬಾಧ್ಯನು. ಅಣ್ಣನ ಮಗ ಒಂದು ಮಧ್ಯಾಹ್ನ ಕೋನುಗಳ ನಡುವೆ ಕಾರು ಓಡಿಸಿದ್ದಕ್ಕೆ ತಮ್ಮನ ಮನೆ, ಹೊಲ, ಗೋದಾಮುಗಳು ಹೊಣೆಯಾಗುವ ಸಂಭವವಿದೆ. ಇದು ಉತ್ಪ್ರೇಕ್ಷೆಯಲ್ಲ.

‘ನಮ್ಮ ಸ್ವಂತ ಹೊಲದಲ್ಲಿ ನಡೆಸುತ್ತೇವೆ, ಕಾನೂನಿಗೇನು ಸಂಬಂಧ’ ಎಂಬ ವಾದವನ್ನೂ ಕೇಳಿದ್ದೇನೆ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವುದೇ ಜಾಗವನ್ನು ಕಾಯ್ದೆ ಸಾರ್ವಜನಿಕ ಸ್ಥಳವೆಂದೇ ಕರೆಯುತ್ತದೆ. ಬ್ಯಾನರು ಕಟ್ಟಿ ಊರನ್ನು ಕರೆದ ಹೊಲವು ಖಾಸಗಿಯಾಗಿಯೇ ಉಳಿಯಿತೆಂದು ಸಾಧಿಸುವುದು ಸುಲಭವಲ್ಲ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆಗೆ ಅನುಮತಿಸುವವರಿಗೂ ಅದರಲ್ಲಿ ಭಾಗವಹಿಸುವವರಿಗೂ 189ನೆಯ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಎರಡನೆಯ ಬಾರಿಗೆ ಒಂದು ವರ್ಷ ಮತ್ತು 10,000. ದಂಡದ ಮೊತ್ತ ನಮ್ಮ ವ್ಯಾಪಾರಸ್ಥರಿಗೆ ದೊಡ್ಡದಲ್ಲವಿರಬಹುದು, ಆದರೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸವಾಗಬಹುದು.

ಈಗ ವರ್ಗಮಿತಿಯ ವಿಚಾರ. ಜಾನುವಾರು ಜಾತ್ರೆಗಳಲ್ಲಿ ಬಹುಮಾನ ಕೊಡುವವರು ಹೋರಿಯ ಬಾಯಿ ತೆರೆದು ನೋಡುತ್ತಾರೆ: ಹಾಲುಹಲ್ಲಿನದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು. ಹಾಲುಹಲ್ಲಿನ ಕರುವನ್ನು ಬಾಯಿಗೂಡಿದ ಎತ್ತಿನ ಎದುರು ನಿಲ್ಲಿಸುವುದು ಅನ್ಯಾಯವೆಂದು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಾರಿನಲ್ಲಿ ಹಲ್ಲಿನ ಬದಲಿಗೆ ಇಂಜಿನ್ನಿನ ಗಾತ್ರ ನೋಡುತ್ತಾರೆ. ಎಫ್‌ಐಎಯ ಹಳೆಯ ಉತ್ಪಾದನಾ ಕಾರುಗಳ ವರ್ಗಗಳು 1400 ಸಿಸಿಯವರೆಗೆ, 1600ರವರೆಗೆ, 2000ದವರೆಗೆ, ಅದಕ್ಕೂ ಮೇಲೆ ಎಂಬ ಮೆಟ್ಟಿಲುಗಳಲ್ಲಿದ್ದವು.

ಆದರೆ ಸಿಸಿಯೊಂದನ್ನೇ ನೋಡಿದರೆ ಇಂದು ಮೋಸ ಹೋಗುತ್ತೇವೆ. ಇತ್ತೀಚಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಟರ್ಬೊ ಇರುತ್ತದೆ. ಅದು ಇಂಜಿನ್ನಿಗೆ ಒತ್ತಡದಿಂದ ಗಾಳಿ ತುಂಬುತ್ತದೆ. ಆದ್ದರಿಂದ ಎಫ್‌ಐಎ ನಿಯಮವು ಟರ್ಬೊ ಪೆಟ್ರೋಲ್ ಇಂಜಿನ್ನಿನ ಗಾತ್ರವನ್ನು 1.7ರಿಂದಲೂ ಟರ್ಬೊ ಡೀಸೆಲ್ಲಿನದನ್ನು 1.5ರಿಂದಲೂ ಗುಣಿಸಿ ವರ್ಗ ನಿರ್ಧರಿಸುತ್ತ ಬಂದಿದೆ. ಲೆಕ್ಕ ಹಾಕಿ ನೋಡಿ. ಫೋಕ್ಸ್‌ವ್ಯಾಗನ್ ಪೋಲೊದ 999 ಸಿಸಿ ಟರ್ಬೊ ಇಂಜಿನ್ನು ಪಂದ್ಯದ ಲೆಕ್ಕದಲ್ಲಿ 1698 ಸಿಸಿ ಆಗುತ್ತದೆ. ಹಳೆಯ ಮಾರುತಿ ಎಸ್ಟೀಮಿನ 1298 ಸಿಸಿ ಹಾಗೆಯೇ ಉಳಿಯುತ್ತದೆ. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಕಾರು ಎರಡು ಮೆಟ್ಟಿಲು ಮೇಲಿನದು. ವಿದ್ಯುತ್ ಕಾರುಗಳಿಗಂತೂ ಸಿಸಿಯೇ ಇಲ್ಲ. ಅವುಗಳಿಗೆ ಪ್ರತ್ಯೇಕ ವರ್ಗವೇ ಬೇಕು.

ಇಷ್ಟಾದರೂ ತೂಕದ ಪ್ರಶ್ನೆ ಉಳಿಯುತ್ತದೆ. ಸೂಕ್ಷ್ಮ ಉದ್ಯಮವೆನಿಸಿಕೊಳ್ಳಲು ಯಂತ್ರೋಪಕರಣಗಳ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ರೂಪಾಯಿಗಳನ್ನು ಮೀರಬಾರದೆಂದು 2025ರ ಏಪ್ರಿಲ್ 1ರಿಂದ ನಿಯಮವಾಗಿದೆಯಷ್ಟೆ. ಒಂದನ್ನು ಮೀರಿದರೂ ಮೇಲಿನ ವರ್ಗ. ಕಾರಿಗೂ ಅದೇ ನ್ಯಾಯವಿರಲಿ: ಇಂಜಿನ್ನಿನ ಗಾತ್ರಕ್ಕೊಂದು ಮೇಲ್ಮಿತಿ, ತೂಕಕ್ಕೊಂದು ಕೆಳಮಿತಿ. ಹಿಂದಿನ ಸೀಟು, ಬಾಗಿಲೊಳಗಿನ ಉಕ್ಕಿನ ಪಟ್ಟಿ ಕಿತ್ತೆಸೆದು ಹಗುರ ಮಾಡಿದ ಕಾರು ಅದರಿಂದ ಸಿಕ್ಕಿಬೀಳುತ್ತದೆ. ತೂಗುವ ಸಾಧನಕ್ಕಾಗಿ ನಾವು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕಬ್ಬಿನ ಸೀಮೆಯಲ್ಲಿ ಹೆಜ್ಜೆಗೊಂದು ವೇ ಬ್ರಿಜ್ ಇದೆ. (ಆ ಕಾಟಾಗಳ ಬಗ್ಗೆ ಕಬ್ಬು ಬೆಳೆಗಾರರಿಗಿರುವ ಅನುಮಾನ ಬೇರೆಯ ಲೇಖನಕ್ಕೆ ವಸ್ತು.)

ವರ್ಗಮಿತಿಯೆಂದರೆ ಬರಿಯ ನ್ಯಾಯದ ಪ್ರಶ್ನೆ, ಸುರಕ್ಷತೆ ಬೇರೆ ವಿಷಯ ಎಂದು ಹಲವರು ಭಾವಿಸುತ್ತಾರೆ. ನನಗೆ ಅವೆರಡೂ ಒಂದೇ ಖಾತೆಯ ಎರಡು ಪುಟಗಳೆನಿಸುತ್ತವೆ. ಮಿತಿ ಇಲ್ಲದ ಕಡೆ ಹುಡುಗನ ಕೈಯಲ್ಲಿರುವ ಹಣವೆಲ್ಲ ಇಂಜಿನ್ನಿಗೆ ಹೋಗುತ್ತದೆ. ಬೆಲ್ಟಿಗೆ, ಬ್ರೇಕಿಗೆ, ಹೆಲ್ಮೆಟ್ಟಿಗೆ ಉಳಿಯುವುದು ಚಿಲ್ಲರೆ. ಅಂತರರಾಷ್ಟ್ರೀಯ ರ‍್ಯಾಲಿಯೇ ಈ ಪಾಠವನ್ನು ರಕ್ತದಲ್ಲಿ ಕಲಿಯಿತು. 1980ರ ದಶಕದ ‘ಗ್ರೂಪ್ ಬಿ’ ವರ್ಗಕ್ಕೆ ಕೇವಲ 200 ಕಾರುಗಳನ್ನು ತಯಾರಿಸಿದರೆ ಸಾಕಿತ್ತು, ಶಕ್ತಿಗೆ ಕಡಿವಾಣವಿರಲಿಲ್ಲ. 1986ರ ಮಾರ್ಚ್‌ನಲ್ಲಿ ಪೋರ್ಚುಗಲ್ಲಿನಲ್ಲಿ ಅಂಥ ಕಾರೊಂದು ರಸ್ತೆಬದಿಯ ಜನರ ಮೇಲೆ ನುಗ್ಗಿ ಮೂವರು ಪ್ರೇಕ್ಷಕರು ಸತ್ತರು. ಮೇ ತಿಂಗಳಿನಲ್ಲಿ ಕಾರ್ಸಿಕಾ ದ್ವೀಪದಲ್ಲಿ ಹೆನ್ರಿ ತೊಯ್ವೊನೆನ್ ಹಾಗೂ ಅವರ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಕಾರಿನೊಂದಿಗೆ ಬೆಂದುಹೋದರು. ಆ ವರ್ಷದ ಕೊನೆಗೆ ಆ ವರ್ಗವನ್ನೇ ರದ್ದುಪಡಿಸಲಾಯಿತು.

ಖರ್ಚಿಗೆ ಮಿತಿ ಹಾಕುವ ಉಪಾಯಗಳಲ್ಲಿ ವ್ಯಾಪಾರಸ್ಥನ ಬುದ್ಧಿಗೆ ಮೆಚ್ಚುಗೆಯಾಗುವಂಥದೊಂದು ಫಿನ್‌ಲೆಂಡಿನಲ್ಲಿದೆ. ಅಲ್ಲಿನ ‘ಪ್ರತಿಯೊಬ್ಬನ ವರ್ಗ’ ಎಂಬ ಅರ್ಥದ ಹೆಸರಿನ ಹಳೆಯ ಕಾರುಗಳ ಪಂದ್ಯದಲ್ಲಿ, ಸ್ಪರ್ಧೆ ಮುಗಿದ ಮೇಲೆ ಭಾಗವಹಿಸಿದ ಕಾರನ್ನು ನಿಗದಿತ ಅಲ್ಪಬೆಲೆಗೆ ಕೇಳಿದವರಿಗೆ ಮಾರಲೇಬೇಕು. ಇಂಜಿನ್ನಿಗೆ ಲಕ್ಷಗಟ್ಟಲೆ ಸುರಿದವನು ಅದನ್ನು ಆ ಬೆಲೆಗೆ ಕಳೆದುಕೊಳ್ಳಲು ಸಿದ್ಧನಿರಬೇಕು. ತಪಾಸಣಾಧಿಕಾರಿಗಿಂತ ಮಾರುಕಟ್ಟೆಯೇ ಇಲ್ಲಿ ಕಾವಲುಗಾರ. ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ‘24 ಅವರ್ಸ್ ಆಫ್ ಲೆಮನ್ಸ್’ ಎಂಬ ಹವ್ಯಾಸಿ ಸ್ಪರ್ಧೆಯು ಕಾರಿನ ಬೆಲೆಗೆ 500 ಡಾಲರುಗಳ ಮಿತಿ ಹಾಕಿತು, ಆದರೆ ಸುರಕ್ಷತಾ ಸಾಧನಗಳ ಖರ್ಚನ್ನು ಆ ಮಿತಿಯಿಂದ ಹೊರಗಿಟ್ಟಿತು. ವೇಗದ ಖರ್ಚಿಗೆ ಬೇಲಿ, ಜೀವರಕ್ಷಣೆಯ ಖರ್ಚಿಗೆ ಬೇಲಿಯಿಲ್ಲ. ನಮ್ಮ ಯಾವ ನಿಯಮಾವಳಿಯೂ ಈ ಭೇದವನ್ನು ಮರೆಯಬಾರದು.

ಸಣ್ಣ ಉದ್ದಿಮೆದಾರರಿಗೆ, ಅದರಲ್ಲಿಯೂ ಫ್ಯಾಬ್ರಿಕೇಷನ್ ವರ್ಕ್‌ಶಾಪುಗಳವರಿಗೆ, ಒಂದು ಮಾತು. ಕಾರಿನೊಳಗೆ ‘ರೋಲ್ ಕೇಜ್’ ಎಂಬ ಉಕ್ಕಿನ ಕೊಳವೆಗಳ ಪಂಜರವನ್ನು ಕೂರಿಸಿಕೊಡಿರೆಂದು ಯಾರಾದರೂ ಬಂದರೆ, ಟ್ರೇಲರಿಗೂ ಪತ್ರಾ ಶೆಡ್ಡಿಗೂ ಬಳಸುವ ಬೆಸುಗೆ ಹೊಲಿಗೆಯ ಪೈಪಿನಿಂದ ಅದನ್ನು ಮಾಡಿಕೊಡಬೇಡಿ. ಕಾರು ಉರುಳಿ ಪಂಜರದ ಮೇಲೆ ಭಾರ ಬಿದ್ದಾಗ ಆ ಹೊಲಿಗೆ ಬಿಡುವ ಅಪಾಯವಿದೆ, ತೆಳುವಾದ ಪೈಪು ಮಡಚಿಕೊಳ್ಳುತ್ತದೆ. ಎಫ್‌ಐಎ ನಿಯಮವು ಹೊಲಿಗೆಯಿಲ್ಲದ, ತಣ್ಣಗೆ ಎಳೆದ ಇಂಗಾಲ ಉಕ್ಕಿನ ಕೊಳವೆಯನ್ನೇ ಕೇಳುತ್ತದೆ: ಮುಖ್ಯ ಕಮಾನಿಗೆ ಕನಿಷ್ಠ 45 ಮಿ.ಮೀ. ವ್ಯಾಸ ಹಾಗೂ 2.5 ಮಿ.ಮೀ. ದಪ್ಪ, ಇಲ್ಲವೆ 50 ಮಿ.ಮೀ. ವ್ಯಾಸ ಹಾಗೂ 2 ಮಿ.ಮೀ. ದಪ್ಪ, ಪಾದದ ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ತಗಡು. ಆ ತಗಡಿಲ್ಲದಿದ್ದರೆ ಕೊಳವೆಯ ಕಾಲು ಕಾರಿನ ತೆಳು ತಳವನ್ನು ತೂರಿಕೊಂಡು ಹೋಗುತ್ತದೆ. ಅರೆಬರೆ ಪಂಜರಕ್ಕಿಂತ ಪಂಜರವಿಲ್ಲದ ಕಾರೇ ಮೇಲು. ಹೆಲ್ಮೆಟ್ಟಿಲ್ಲದೆ ನಿತ್ಯ ಓಡಾಡುವಾಗ ಸಣ್ಣ ಡಿಕ್ಕಿಯಲ್ಲೂ ತಲೆ ಅದೇ ಕೊಳವೆಗೆ ಬಡಿಯುತ್ತದೆ.

ಮೇಲಾಗಿ ಅದು ನೋಂದಾಯಿತ ವಾಹನದ ಮಾರ್ಪಾಡು. ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾದ ಬದಲಾವಣೆ ಸಲ್ಲದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸದ ವಿಧಿಯೂ ಅದೇ ವರ್ಷದ ತಿದ್ದುಪಡಿಯಲ್ಲಿ ಬಂದಿದೆ. ಹೀಗಾಗಿ ನಂಬರ್ ಪ್ಲೇಟಿನೊಂದಿಗೆ ಬರುವ ಕಾರಿಗೆ ಪಂಜರವನ್ನು ಕಡ್ಡಾಯಗೊಳಿಸುವ ಬದಲು, ಪಂಜರದ ಅಗತ್ಯವೇ ಬಾರದಂತೆ ಕಣವನ್ನು ರೂಪಿಸುವುದು ವಿವೇಕ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಆಟೋಕ್ರಾಸ್ ತತ್ತ್ವವೂ ಇದೇ: ಕಣದೊಳಗಿನ ಅಪಾಯವು ಹೆದ್ದಾರಿಯಲ್ಲಿ ಕಾನೂನುಬದ್ಧವಾಗಿ ಓಡಿಸುವಾಗಿನ ಅಪಾಯವನ್ನು ಮೀರಬಾರದು. ತಿರುವುಗಳನ್ನು ಹತ್ತಿರ ಇಟ್ಟರೆ ವೇಗ ತಾನೇ ತಗ್ಗುತ್ತದೆ. ಎತ್ತರದ ಜೀಪು ಮಾದರಿಯ ವಾಹನಗಳನ್ನು ಇಂಥ ಕಣಕ್ಕೆ ಬಿಡಲೇಬಾರದು. ಚಕ್ರಗಳ ನಡುವಣ ಅಗಲಕ್ಕೆ ಹೋಲಿಸಿದರೆ ಅವುಗಳ ಭಾರದ ಕೇಂದ್ರ ಮೇಲಿರುವುದರಿಂದ ಚೂಪಾದ ತಿರುವಿನಲ್ಲಿ ಉರುಳುತ್ತವೆ. ಗ್ಯಾಸ್ ಕಿಟ್ ಹಾಕಿಸಿದ ಕಾರುಗಳೂ ಬೇಡ. ಡಿಕ್ಕಿಯೊಳಗಿನ ಸ್ಟೆಪ್ನಿ, ಜಾಕ್, ನೀರಿನ ಬಾಟಲಿ ಇಳಿಸಿರಬೇಕು, ಬ್ಯಾಟರಿ ಬಿಗಿಯಾಗಿರಬೇಕು. ದ್ವಿಚಕ್ರ ವಾಹನದ ಹೆಲ್ಮೆಟ್ಟು ಬೆಂಕಿಯ ಪರೀಕ್ಷೆಗೆ ಒಳಪಟ್ಟದ್ದಲ್ಲ. ಕಾರು ಪಂದ್ಯದ ಹೆಲ್ಮೆಟ್ಟು ಬೇರೆ. ಪಂದ್ಯದ ಬೆಲ್ಟುಗಳಿಗೆ ಔಷಧಿಗಿರುವಂತೆ ಅವಧಿ ಇರುತ್ತದೆ, ಚೀಟಿಯಲ್ಲಿ ವರ್ಷ ಮುದ್ರಿತವಾಗಿರುತ್ತದೆ.

ಎಲ್ಲ ನಿಯಮಗಳಿದ್ದೂ ಅವಘಡ ಆಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. 2023ರ ಜನವರಿ 8ರಂದು ಚೆನ್ನೈನ ಪಥದಲ್ಲಿ ರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ 59 ವರ್ಷದ ಅನುಭವಿ ಚಾಲಕ ಕೆ. ಇ. ಕುಮಾರ್ ಅಸುನೀಗಿದರು. ಅದಕ್ಕಿಂತಲೂ ನಮ್ಮ ಭಾಗಕ್ಕೆ ಹೆಚ್ಚು ಸಂಬಂಧಿಸಿದ್ದು 2019ರ ಸೆಪ್ಟೆಂಬರಿನ ಘಟನೆ. ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಗಾಗಿ ಮುಚ್ಚಿದ್ದ ರಸ್ತೆಗೆ ಮೋಟಾರ್ ಸೈಕಲ್ಲೊಂದು ಬಂತು. ರ‍್ಯಾಲಿ ಕಾರು ಬಡಿದು ಗಂಡ, ಹೆಂಡತಿ, ಮಗ ಮೂವರೂ ಸತ್ತರು. ಹೊಲಕ್ಕೆ ಹೋಗುವ ದಾರಿಯನ್ನು ಹಳ್ಳಿಯವನು ದಿನವೂ ತುಳಿದಿರುತ್ತಾನೆ. ಅದು ಇಂದು ಮುಚ್ಚಿದೆಯೆಂಬುದು ಅವನ ಮನಸ್ಸಿಗೆ ಇಳಿಯುವಂತೆ ಹೇಳುವವರು ಯಾರು? ಆದಕಾರಣ ನಮ್ಮಲ್ಲಿ ರಸ್ತೆಯ ಮೇಲಿನ ವೇಗದ ಸ್ಪರ್ಧೆ ಬೇಡವೇ ಬೇಡ. ನುರಿಸುವ ಹಂಗಾಮು ಮುಗಿದ ಮೇಲೆ ತೆರವಾಗುವ ಸಕ್ಕರೆ ಕಾರ್ಖಾನೆಗಳ ಅಂಗಳಗಳಿವೆ, ಅವುಗಳಿಗೆ ಗೇಟೂ ಕಾಂಪೌಂಡೂ ಇರುತ್ತವೆ. ಪ್ರೇಕ್ಷಕರನ್ನು ಒಂದೇ ಬದಿಯಲ್ಲಿ, ತಿರುವಿನ ಹೊರಮಗ್ಗುಲಲ್ಲಿ ಅಲ್ಲದಂತೆ ನಿಲ್ಲಿಸುವುದು ಅಲ್ಲಿ ಸಾಧ್ಯ.

ಇಷ್ಟು ಶ್ರಮ ಪಡುವುದರಿಂದ ಲಾಭವೇನೆಂದು ಕೇಳುವವರು ಕೊಯಮತ್ತೂರಿನತ್ತ ನೋಡಬೇಕು. ನಮ್ಮ ನೆರೆಯ ಕೊಲ್ಹಾಪುರ, ಬೆಳಗಾವಿಗಳಂತೆ ಅದೂ ಫೌಂಡ್ರಿಗಳ ಊರು. ಅಲ್ಲಿನ ಜವಳಿ ಮಿಲ್ಲಿನ ಮನೆತನದ ಎಸ್. ಕರಿವರ್ಧನ್ 1980ರ ದಶಕದ ಕೊನೆಗೆ ಮಾರುತಿ 800ರ 796 ಸಿಸಿ ಇಂಜಿನ್ನಿನಿಂದಲೇ ‘ಫಾರ್ಮುಲಾ ಮಾರುತಿ’ ಎಂಬ ಅಗ್ಗದ ಪಂದ್ಯದ ಕಾರನ್ನು ರೂಪಿಸಿದರು. ಎಲ್ಲರಿಗೂ ಅದೇ ಇಂಜಿನ್ನು. ವರ್ಗಮಿತಿಯ ಅತ್ಯಂತ ಸರಳ ರೂಪ ಅದು. ಆ ಕಾರಿನಲ್ಲಿ ಆರಂಭಿಸಿದ ಅದೇ ಊರಿನ ನಾರಾಯಣ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ತಲುಪಿದರು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಅವರ ಹೆಸರಿನ ಪಥ ಆ ಊರಿನ ಬಳಿ ತೆರೆಯಿತು. ಚಾಲಕರಿಗಿಂತ ಹೆಚ್ಚಾಗಿ ಬೆಸುಗೆಗಾರ, ಟರ್ನರ್, ಟ್ಯೂನಿಂಗ್ ಮೆಕ್ಯಾನಿಕ್ಕುಗಳ ಒಂದು ಪೀಳಿಗೆಯನ್ನು ಇಂಥ ಕ್ರೀಡೆ ಬೆಳೆಸುತ್ತದೆಂಬುದು ನನ್ನ ನಂಬಿಕೆ.

ಆದ್ದರಿಂದ ನಮ್ಮ ಸಂಘದ ಸದಸ್ಯರಲ್ಲಿ ನನ್ನ ಕೋರಿಕೆ ಇದು. ಯಾವುದೇ ಕಾರು ಸ್ಪರ್ಧೆಯ ಬ್ಯಾನರಿಗೆ ತಮ್ಮ ಅಂಗಡಿಯ ಹೆಸರು ಕೊಡುವ ಮೊದಲು, ಚೆಕ್ಕಿಗೆ ಸಹಿ ಹಾಕುವ ಮೊದಲು, ಸಂಘಟಕರಿಂದ ಸರ್ಕಾರದ ಲಿಖಿತ ಒಪ್ಪಿಗೆ, ಫೆಡರೇಷನ್ನಿನ ಅನುಮತಿ ಹಾಗೂ ಆ ದಿನಕ್ಕಾಗಿಯೇ ತೆಗೆದ ಸಾರ್ವಜನಿಕ ಹೊಣೆಗಾರಿಕೆಯ ವಿಮೆಯ ಪ್ರತಿಗಳನ್ನು ಕೇಳಿ ಪಡೆಯಬೇಕು. ಮಗ ಭಾಗವಹಿಸುವುದಾದರೆ ಕಾರನ್ನು ಫರ್ಮಿನ ಹೆಸರಿನಿಂದ ಅವನ ಹೆಸರಿಗೆ ಮೊದಲೇ ವರ್ಗಾಯಿಸಬೇಕು. ಸಂಘವು ಹತ್ತು ಒಳ್ಳೆಯ ಹೆಲ್ಮೆಟ್ಟುಗಳನ್ನೂ ನಾಲ್ಕಾರು ಬೆಂಕಿ ಆರಿಸುವ ಸಿಲಿಂಡರುಗಳನ್ನೂ ಖರೀದಿಸಿಟ್ಟು ಅರ್ಹ ಸಂಘಟಕರಿಗೆ ಬಾಡಿಗೆಗೆ ಕೊಡಬಹುದು. ಅದರ ವೆಚ್ಚ ವಾರ್ಷಿಕ ಸಭೆಯ ಊಟದ ಖರ್ಚಿಗಿಂತ ತೀರ ಹೆಚ್ಚಾಗಲಾರದು. ಸಿಸಿ ಮತ್ತು ತೂಕ ಎರಡನ್ನೂ ಹಿಡಿದ ವರ್ಗಪಟ್ಟಿಯ ಕರಡೊಂದನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಸಲ್ಲಿಸಲು ನಾನು ಸಿದ್ಧನಿದ್ದೇನೆ. ಚಿಕ್ಕೋಡಿಯ ಪ್ರಾದೇಶಿಕ ಸಾರಿಗೆ ಕಚೇರಿಯ ಅಧಿಕಾರಿಗಳನ್ನೂ, ಜಾತ್ರಾ ಸಮಿತಿಗಳ ಇಬ್ಬರು ಮೂವರು ಹಿರಿಯರನ್ನೂ ಆ ಸಭೆಗೆ ಆಹ್ವಾನಿಸುವುದು ಉಚಿತ.